ಬಡ್ಜಿ ಮರಿಯ ಬಣ್ಣ: ಮೊಟ್ಟೆ ಒಡೆಯುವ ಮೊದಲೇ ಲೆಕ್ಕ ಹಾಕುವುದು ಹೇಗೆ

ಎರಡು ಹಸಿರು ಬಡ್ಜಿಗಳಿಗೆ ನೀಲಿ ಮರಿ ಹುಟ್ಟುವುದು ಸಹಜ. ಎರಡು ನೀಲಿ ಬಡ್ಜಿಗಳಿಗೆ ಹಸಿರು ಮರಿ ಹುಟ್ಟಿತು ಎಂದರೆ ಮಾತ್ರ ಪಂಜರದಲ್ಲಿ ಎಲ್ಲೋ ಎಡವಟ್ಟಾಗಿದೆ. ಮೊದಲನೆಯದು ಏಕೆ ಆಗುತ್ತದೆ, ಎರಡನೆಯದು ಏಕೆ ಆಗಬಾರದು ಎಂದು ಹೇಳಬಲ್ಲವರಿಗೆ ಮುಂದಿನ ಲೆಕ್ಕವೆಲ್ಲ ಸಲೀಸು.

ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಹಕ್ಕಿಗಳಲ್ಲಿ ಬಹುಪಾಲು ನಿಜವಾಗಿ ಬಡ್ಜಿಗಳೇ, ಅಂದರೆ ಆಸ್ಟ್ರೇಲಿಯಾ ಮೂಲದ ಬಡ್ಜರಿಗಾರ್. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಇವನ್ನು ಇಂಗ್ಲೆಂಡಿಗೆ ಜೀವಂತವಾಗಿ ತಂದ. ಕಾಡಿನಲ್ಲಿ ಇವುಗಳ ಬಣ್ಣ ಒಂದೇ: ಹಸಿರು ಮೈ, ಹಳದಿ ಮುಖ, ರೆಕ್ಕೆಯ ಮೇಲೆ ಕಪ್ಪು ಪಟ್ಟೆ. ಉಳಿದ ಬಣ್ಣಗಳೆಲ್ಲ ಸಾಕಿದ ಹಕ್ಕಿಗಳಲ್ಲಿ ಕಾಣಿಸಿಕೊಂಡ ಜೀನ್ ಬದಲಾವಣೆಗಳನ್ನು ಆರಿಸಿ ಉಳಿಸಿಕೊಂಡದ್ದರ ಫಲ. ಅನುವಂಶೀಯತೆಯ ಲೆಕ್ಕ ಕಲಿಯಲು ಬಡ್ಜಿಯಷ್ಟು ಒಳ್ಳೆಯ ಹಕ್ಕಿ ಇನ್ನೊಂದಿಲ್ಲ. ಬಣ್ಣ ಸ್ಪಷ್ಟವಾಗಿ ಕಾಣುತ್ತದೆ, ಒಂದು ಸಲಕ್ಕೆ ನಾಲ್ಕರಿಂದ ಆರು ಮೊಟ್ಟೆ ಸಿಗುತ್ತವೆ, ಸುಮಾರು 18 ದಿನಕ್ಕೆ ಮರಿ ಹೊರಬರುತ್ತದೆ. ಒಂದು ಎಚ್ಚರಿಕೆ: ಇಲ್ಲಿ ಬರೆದಿರುವುದು ಬಡ್ಜಿಗೆ ಮಾತ್ರ. ನಮ್ಮ ಕಾಡಿನ ಗಿಣಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಬಣ್ಣ ಎಲ್ಲಿಂದ ಬರುತ್ತದೆ

ಬಡ್ಜಿಯ ಗರಿಯಲ್ಲಿ ಹಸಿರು ಬಣ್ಣದ ಪದಾರ್ಥವೇ ಇಲ್ಲ. ಅಲ್ಲಿರುವುದು ಎರಡು. ಒಂದು, ಹಳದಿ ವರ್ಣದ್ರವ್ಯ. ಇನ್ನೊಂದು, ಗರಿಯ ಎಳೆಗಳ ಒಳರಚನೆ ಮತ್ತು ಅದರ ಹಿಂದೆ ಕುಳಿತ ಕಪ್ಪು ಮೆಲನಿನ್. ಈ ರಚನೆ ಬೆಳಕಿನ ನೀಲಿ ಭಾಗವನ್ನು ಹಿಂದಕ್ಕೆ ಚೆಲ್ಲುತ್ತದೆ, ಉಳಿದದ್ದನ್ನು ಮೆಲನಿನ್ ನುಂಗಿಬಿಡುತ್ತದೆ. ನೀಲಿಯ ಮೇಲೆ ಹಳದಿ ಸೇರಿ ಕಣ್ಣಿಗೆ ಹಸಿರು ಕಾಣುತ್ತದೆ.

ಇದರಿಂದ ನಾಲ್ಕು ಮೂಲ ಬಣ್ಣಗಳು ತಾವಾಗಿಯೇ ಹೊರಡುತ್ತವೆ. ಹಳದಿಯೂ ಮೆಲನಿನ್ನೂ ಇದ್ದರೆ ಹಸಿರು. ಹಳದಿ ಇಲ್ಲದೆ ಮೆಲನಿನ್ ಮಾತ್ರ ಇದ್ದರೆ ನೀಲಿ. ಮೆಲನಿನ್ ಇಲ್ಲದೆ ಹಳದಿ ಮಾತ್ರ ಇದ್ದರೆ ಲುಟಿನೊ, ಅಂದರೆ ಕೆಂಪು ಕಣ್ಣಿನ ಅಚ್ಚ ಹಳದಿ ಹಕ್ಕಿ. ಎರಡೂ ಇಲ್ಲದಿದ್ದರೆ ಆಲ್ಬಿನೊ, ಕೆಂಪು ಕಣ್ಣಿನ ಅಚ್ಚ ಬಿಳಿ. ಆಲ್ಬಿನೊ ಎಂಬುದು ಬೇರೆಯೇ ಒಂದು ಮ್ಯುಟೇಶನ್ (ಜೀನ್ ಬದಲಾವಣೆ) ಅಲ್ಲ. ಹಳದಿಯನ್ನು ಇಲ್ಲವಾಗಿಸುವ ‘ನೀಲಿ’ ಮತ್ತು ಮೆಲನಿನ್ನನ್ನು ಇಲ್ಲವಾಗಿಸುವ ‘ಇನೊ’ ಎಂಬ ಎರಡು ಮ್ಯುಟೇಶನ್‌ಗಳು ಒಂದೇ ಹಕ್ಕಿಯಲ್ಲಿ ಸೇರಿದ್ದು. ಕೊನೆಗೆ ಆಲ್ಬಿನೊ ಮರಿ ಬೇಕೆಂದು ಹೊರಟಾಗ ಈ ಮಾತು ಬಹಳ ಉಪಯೋಗಕ್ಕೆ ಬರುತ್ತದೆ.

ನೀಲಿ ಹಕ್ಕಿಯಲ್ಲಿ ಹಳದಿ ಏಕೆ ಇಲ್ಲ ಎಂಬುದು 2017ರಲ್ಲಿ ಗೊತ್ತಾಯಿತು. ಹಳದಿ ದ್ರವ್ಯವನ್ನು ತಯಾರಿಸುವ ಕಿಣ್ವದ ಜೀನ್‌ನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿ, ಆ ಕಿಣ್ವ ಕೆಲಸ ಮಾಡುವುದಿಲ್ಲ. ಪ್ರತಿ ಹಕ್ಕಿಯಲ್ಲೂ ಈ ಜೀನ್‌ನ ಎರಡು ಪ್ರತಿಗಳಿರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸಾಕಷ್ಟು ಹಳದಿಯನ್ನು ತಯಾರಿಸುತ್ತದೆ, ಹಕ್ಕಿ ಹಸಿರಾಗಿಯೇ ಕಾಣುತ್ತದೆ. ಹಸಿರು ಪ್ರಬಲ, ನೀಲಿ ದುರ್ಬಲ ಎಂದರೆ ಇಷ್ಟೇ. ದುರ್ಬಲ ಎಂದ ಮಾತ್ರಕ್ಕೆ ನೀಲಿ ಹಕ್ಕಿಯ ಮೈ ದುರ್ಬಲ ಎಂದಲ್ಲ. ಒಂದೇ ಪ್ರತಿ ಇದ್ದಾಗ ಆ ಗುಣ ಹೊರಗೆ ಕಾಣಿಸಿಕೊಳ್ಳದು ಎಂದರ್ಥ.

ಮೊದಲ ಲೆಕ್ಕ: ಹಸಿರು ಮತ್ತು ನೀಲಿ

ಹಸಿರಿನ ಪ್ರತಿಗೆ ‘ಹ’, ನೀಲಿಯ ಪ್ರತಿಗೆ ‘ನೀ’ ಎಂದು ಬರೆಯಿರಿ. ಮೂರು ಬಗೆಯ ಹಕ್ಕಿಗಳು ಸಾಧ್ಯ: ಹ-ಹ (ಶುದ್ಧ ಹಸಿರು), ಹ-ನೀ (ಕಾಣುವುದು ಹಸಿರು, ಒಳಗೆ ನೀಲಿ), ನೀ-ನೀ (ನೀಲಿ). ಮಧ್ಯದ್ದನ್ನು ಹಕ್ಕಿ ಸಾಕುವವರು ‘ಸ್ಪ್ಲಿಟ್’ ಎನ್ನುತ್ತಾರೆ, ಓರೆಗೆರೆ ಹಾಕಿ ಹಸಿರು/ನೀಲಿ ಎಂದು ಬರೆಯುತ್ತಾರೆ. ಗೆರೆಯ ಮುಂಚಿನದು ಕಾಣುವ ಬಣ್ಣ, ನಂತರದ್ದು ಒಳಗೆ ಅಡಗಿದ್ದು. ಇದೇ ರೂಢಿಯನ್ನು ನೀವೂ ಇಟ್ಟುಕೊಳ್ಳಿ.

ಇನ್ನು ಚೌಕ. ಗಂಡಿನ ಎರಡು ಪ್ರತಿಗಳನ್ನು ಮೇಲ್ಗಡೆ ಅಡ್ಡಸಾಲಿನಲ್ಲಿ, ಹೆಣ್ಣಿನ ಎರಡು ಪ್ರತಿಗಳನ್ನು ಎಡಬದಿಯ ಕಂಬಸಾಲಿನಲ್ಲಿ ಬರೆದು ನಾಲ್ಕು ಮನೆ ಮಾಡಿ. ಪ್ರತಿ ಮನೆಯಲ್ಲಿ ಮೇಲಿನದೊಂದು, ಎಡಗಡೆಯದೊಂದು ಸೇರಿಸಿ. ರೆಜಿನಾಲ್ಡ್ ಪನೆಟ್ ಹೆಸರಿನ ಈ ಚೌಕವೇ ಪಿಯುಸಿ ಜೀವಶಾಸ್ತ್ರದಲ್ಲೂ ಬರುವುದು. ಎರಡೂ ಹಸಿರು/ನೀಲಿ ಆಗಿದ್ದರೆ:

ಗಂಡಿನ ಹ + ಹೆಣ್ಣಿನ ಹ = ಹ-ಹ
ಗಂಡಿನ ನೀ + ಹೆಣ್ಣಿನ ಹ = ಹ-ನೀ
ಗಂಡಿನ ಹ + ಹೆಣ್ಣಿನ ನೀ = ಹ-ನೀ
ಗಂಡಿನ ನೀ + ಹೆಣ್ಣಿನ ನೀ = ನೀ-ನೀ

ನೋಡಲು ಮೂರು ಹಸಿರಿಗೆ ಒಂದು ನೀಲಿ. ಗ್ರೆಗರ್ ಮೆಂಡಲ್ ಬಟಾಣಿಯಲ್ಲಿ ಕಂಡದ್ದು ಇದೇ ಅನುಪಾತ: 5474 ದುಂಡನೆಯ ಕಾಳು, 1850 ಸುಕ್ಕುಗಟ್ಟಿದ ಕಾಳು, ಹೆಚ್ಚುಕಡಿಮೆ ಮೂರಕ್ಕೊಂದು. ಉಳಿದ ಜೋಡಿಗಳಿಗೆ ಚೌಕ ಬೇಕಾಗದಷ್ಟು ಸುಲಭ. ಶುದ್ಧ ಹಸಿರಿಗೆ ನೀಲಿ ಕೂಡಿಸಿದರೆ ಎಲ್ಲವೂ ಹಸಿರು/ನೀಲಿ. ಹಸಿರು/ನೀಲಿಗೆ ನೀಲಿ ಕೂಡಿಸಿದರೆ ಅರ್ಧ ಹಸಿರು/ನೀಲಿ, ಅರ್ಧ ನೀಲಿ. ನೀಲಿಗೆ ನೀಲಿ ಕೂಡಿಸಿದರೆ ಎಲ್ಲವೂ ನೀಲಿ, ಏಕೆಂದರೆ ಕೊಡಲು ‘ಹ’ ಯಾರ ಬಳಿಯೂ ಇಲ್ಲ.

ನೀಲಿ ಮರಿಗಳೇ ಬೇಕಿದ್ದರೆ ಸ್ಪ್ಲಿಟ್‌ಗೆ ಸ್ಪ್ಲಿಟ್ ಕೂಡಿಸುವುದು ದಂಡ. ನೀಲಿ ಕಾಲು ಭಾಗಕ್ಕೆ ಇಳಿಯುವುದಷ್ಟೇ ಅಲ್ಲ, ಹುಟ್ಟಿದ ಹಸಿರು ಮರಿಗಳಲ್ಲಿ ಯಾವುದು ಶುದ್ಧ, ಯಾವುದು ಸ್ಪ್ಲಿಟ್ ಎಂದು ಕಣ್ಣಿಗೆ ತಿಳಿಯದು. ಸ್ಪ್ಲಿಟ್‌ಗೆ ನೀಲಿಯನ್ನು ಕೂಡಿಸಿ: ಅರ್ಧ ನೀಲಿ ಸಿಗುತ್ತದೆ, ಉಳಿದ ಪ್ರತಿಯೊಂದು ಹಸಿರು ಮರಿಯೂ ಖಚಿತವಾಗಿ ಸ್ಪ್ಲಿಟ್.

‘ನಾಲ್ಕರಲ್ಲಿ ಒಂದು’ ಎಂದರೆ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ನಾಲ್ಕು ಮೊಟ್ಟೆಯಲ್ಲಿ ಒಂದು ನೀಲಿ ಬಂದೇ ಬರುತ್ತದೆ ಎಂದಲ್ಲ. ಪ್ರತಿ ಮೊಟ್ಟೆಗೂ ನೀಲಿಯಾಗುವ ಸಾಧ್ಯತೆ ಕಾಲು ಭಾಗ, ಹಿಂದಿನ ಮೊಟ್ಟೆಯಲ್ಲಿ ಏನಾಯಿತು ಎಂಬುದು ಮುಂದಿನದಕ್ಕೆ ಲೆಕ್ಕಕ್ಕಿಲ್ಲ. ಸತತ ಮೂರು ಹಸಿರು ಬಂದರೆ ನಾಲ್ಕನೆಯದರ ಸಾಧ್ಯತೆ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಒಂದು ಗೂಡಿನಲ್ಲಿ ಕನಿಷ್ಠ ಒಂದಾದರೂ ನೀಲಿ ಬರುವ ಸಾಧ್ಯತೆ ಹೀಗೆ ಸಿಗುತ್ತದೆ: ಒಂದೂ ಬರದಿರುವ ಸಾಧ್ಯತೆಯನ್ನು ಮೊದಲು ಲೆಕ್ಕ ಹಾಕಿ ಒಂದರಿಂದ ಕಳೆಯಿರಿ. ನಾಲ್ಕು ಮರಿಯಾದರೆ ಮುಕ್ಕಾಲನ್ನು ನಾಲ್ಕು ಸಲ ಗುಣಿಸಿದರೆ 0.316, ಕಳೆದರೆ 0.684, ಅಂದರೆ 68%. ಆರು ಮರಿಗೆ 82%, ಎಂಟಕ್ಕೆ 90%. ನೂರಕ್ಕೆ 95 ಪಾಲು ನಂಬಿಕೆ ಬೇಕಿದ್ದರೆ ಕಾಲು ಭಾಗದ ಗುಣಕ್ಕೆ 11 ಮರಿ, ಅರ್ಧ ಭಾಗದ ಗುಣಕ್ಕೆ 5 ಮರಿ, ಹದಿನಾರರಲ್ಲಿ ಒಂದು ಎನ್ನುವ ಗುಣಕ್ಕೆ 47 ಮರಿ ಬೇಕು. ಒಂದು ಜೋಡಿಯಿಂದ ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮರಿ ಮಾಡಿಸಬಾರದು. ಮಾಡಿಸಿದರೆ ಹೆಣ್ಣು ಸೊರಗಿ ಮೊಟ್ಟೆ ಸಿಕ್ಕಿಕೊಂಡು ಸಾಯಬಹುದು. ಗೂಡಿಗೆ ಐದರಂತೆ ವರ್ಷಕ್ಕೆ ಹತ್ತು ಮರಿ ಎಂದಿಟ್ಟುಕೊಂಡರೆ 47 ಮರಿಗೆ ಸುಮಾರು ಐದು ವರ್ಷ. ಹಾಗಾಗಿ ಹದಿನಾರರಲ್ಲಿ ಒಂದು ಎಂದು ಲೆಕ್ಕ ಬಂದ ಕೂಡಲೇ ಆ ಜೋಡಿಯನ್ನು ಬಿಟ್ಟು ಬೇರೆ ಜೋಡಿ ಯೋಚಿಸಿ.

ಹಸಿರು ಹಕ್ಕಿ ಸ್ಪ್ಲಿಟ್ ಹೌದೋ ಅಲ್ಲವೋ

ಅಂಗಡಿಯಲ್ಲಿ ಕೊಂಡ ಹಸಿರು ಹಕ್ಕಿಯ ಒಳಗೆ ಏನಿದೆ ಎಂದು ತಿಳಿಯಲು ಅದನ್ನು ನೀಲಿಗೆ ಕೂಡಿಸಿ ನೋಡಬೇಕು. ಒಂದೇ ಒಂದು ನೀಲಿ ಮರಿ ಹುಟ್ಟಿದರೂ ಸಾಕು, ಹಸಿರು ಹಕ್ಕಿ ಖಂಡಿತ ಸ್ಪ್ಲಿಟ್. ಬರೀ ಹಸಿರೇ ಬರುತ್ತಿದ್ದರೆ ಅಷ್ಟು ಬೇಗ ತೀರ್ಪು ಕೊಡುವಂತಿಲ್ಲ. ಸ್ಪ್ಲಿಟ್ ಹಕ್ಕಿಯೂ ಸತತ ಐದು ಹಸಿರು ಮರಿ ಕೊಡುವ ಸಾಧ್ಯತೆ 32ರಲ್ಲಿ ಒಂದು. ಸತತ ಏಳು ಕೊಡುವುದು 128ರಲ್ಲಿ ಒಂದು. ಏಳು ಹಸಿರಾದ ಮೇಲೆ ಶುದ್ಧ ಎಂದು ದಾಖಲೆಯಲ್ಲಿ ಬರೆದುಕೊಳ್ಳಬಹುದು.

ಆ ಹಕ್ಕಿಯ ತಂದೆ-ತಾಯಿ ಗೊತ್ತಿದ್ದರೆ ಇನ್ನೂ ಹರಿತವಾಗಿ ಹೇಳಬಹುದು. ಸ್ಪ್ಲಿಟ್ ಜೋಡಿಗೆ ಹುಟ್ಟಿದ ಹಸಿರು ಮರಿ ಸ್ಪ್ಲಿಟ್ ಆಗಿರುವ ಸಾಧ್ಯತೆ ಅರ್ಧ ಅಲ್ಲ, ಮೂರರಲ್ಲಿ ಎರಡು. ಚೌಕದ ನಾಲ್ಕು ಮನೆಗಳಲ್ಲಿ ನೀಲಿಯ ಮನೆಯನ್ನು ಹೊಡೆದು ಹಾಕಿ, ಉಳಿದ ಮೂರನ್ನು ನೋಡಿ: ಎರಡರಲ್ಲಿ ‘ನೀ’ ಇದೆ. ಅಂಥ ಹಕ್ಕಿಯನ್ನು ನೀಲಿಗೆ ಕೂಡಿಸಿ ಐದು ಹಸಿರು ಮರಿ ಬಂದ ಮೇಲೆ ಅದು ಸ್ಪ್ಲಿಟ್ ಆಗಿರುವ ಸಾಧ್ಯತೆ 17ರಲ್ಲಿ ಒಂದಕ್ಕೆ ಇಳಿಯುತ್ತದೆ.

ಡಾರ್ಕ್ ಫ್ಯಾಕ್ಟರ್: ನಡುವಿನ ಬಣ್ಣ

ಎಲ್ಲ ಜೀನ್‌ಗಳೂ ಪೂರ್ತಿ ಪ್ರಬಲ ಅಥವಾ ಪೂರ್ತಿ ದುರ್ಬಲ ಆಗಿರುವುದಿಲ್ಲ. ಡಾರ್ಕ್ ಫ್ಯಾಕ್ಟರ್ ಒಂದು ಪ್ರತಿ ಇದ್ದರೆ ಬಣ್ಣ ಒಂದು ಹಂತ ಗಾಢ, ಎರಡಿದ್ದರೆ ಎರಡು ಹಂತ. ಹಸಿರು ಸಾಲಿನಲ್ಲಿ ತಿಳಿ ಹಸಿರು, ಗಾಢ ಹಸಿರು, ಆಲಿವ್. ನೀಲಿ ಸಾಲಿನಲ್ಲಿ ಆಕಾಶ ನೀಲಿ, ಕೊಬಾಲ್ಟ್, ಮೊವ್. ಇಲ್ಲಿ ಸ್ಪ್ಲಿಟ್ ಎಂಬ ಪ್ರಶ್ನೆಯೇ ಏಳದು. ಒಂದು ಪ್ರತಿ ಇದ್ದರೂ ಕಣ್ಣಿಗೆ ಬೀಳುತ್ತದೆ.

ಕೊಬಾಲ್ಟ್ ಬಣ್ಣವನ್ನು ಮೆಚ್ಚಿದವರು ಕೊಬಾಲ್ಟ್‌ಗೆ ಕೊಬಾಲ್ಟ್ ಕೂಡಿಸುತ್ತಾರೆ. ಬರುವುದು ಕಾಲು ಭಾಗ ಆಕಾಶ ನೀಲಿ, ಅರ್ಧ ಕೊಬಾಲ್ಟ್, ಕಾಲು ಮೊವ್. ಎಷ್ಟು ತಲೆಮಾರು ಮಾಡಿದರೂ ಈ ಬಣ್ಣ ‘ಶುದ್ಧ’ ಆಗುವುದಿಲ್ಲ, ಏಕೆಂದರೆ ಕೊಬಾಲ್ಟ್ ಎಂದರೇ ಒಂದು ಡಾರ್ಕ್, ಒಂದು ಸಾದಾ. ಎಲ್ಲ ಮರಿಗಳೂ ಕೊಬಾಲ್ಟ್ ಬೇಕೆಂದರೆ ಆಕಾಶ ನೀಲಿಗೆ ಮೊವ್ ಕೂಡಿಸಬೇಕು. ಮಂಕು ಬೂದು ಛಾಯೆಯ ಮೊವ್ ಹಕ್ಕಿಯನ್ನು ಜನ ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ಕೊಬಾಲ್ಟ್ ಬೇಕಾದವರಿಗೆ ಅದಕ್ಕಿಂತ ಉಪಯುಕ್ತ ಹಕ್ಕಿ ಬೇರೊಂದಿಲ್ಲ.

ಎರಡು ಗುಣಗಳನ್ನು ಒಟ್ಟಿಗೆ ಲೆಕ್ಕ ಹಾಕುವಾಗ ಹದಿನಾರು ಮನೆಯ ಚೌಕ ಬರೆಯುವ ಅಗತ್ಯವಿಲ್ಲ. ಪ್ರತಿ ಗುಣದ ಭಾಗವನ್ನು ಬೇರೆ ಬೇರೆ ಕಂಡುಕೊಂಡು ಗುಣಿಸಿದರೆ ಆಯಿತು: ನೀಲಿ ಕಾಲು, ರಿಸೆಸಿವ್ ಪೈಡ್ (ಮೈಮೇಲೆ ತೇಪೆಯಂಥ ಬಣ್ಣ ಬರುವ ಒಂದು ದುರ್ಬಲ ಗುಣ) ಕಾಲು, ಎರಡೂ ಸೇರಿದ ಮರಿ ಹದಿನಾರರಲ್ಲಿ ಒಂದು. ಆದರೆ ಎರಡು ಜೀನ್‌ಗಳು ಬೇರೆ ಬೇರೆ ಕ್ರೋಮೋಸೋಮ್‌ಗಳ ಮೇಲಿದ್ದರೆ ಮಾತ್ರ ಈ ಗುಣಾಕಾರ ಸರಿ. ನೀಲಿ ಮತ್ತು ಡಾರ್ಕ್ ಒಂದೇ ಕ್ರೋಮೋಸೋಮ್‌ನಲ್ಲಿ ಹತ್ತಿರ ಹತ್ತಿರ ಕುಳಿತಿವೆ, ಹೆಚ್ಚಾಗಿ ಒಟ್ಟಿಗೇ ಸಾಗುತ್ತವೆ. ಅವು ಬೇರೆಯಾಗುವುದು ನೂರರಲ್ಲಿ ಸುಮಾರು 14 ಸಲ.

ಉದಾಹರಣೆಗೆ, ಮೊವ್‌ಗೆ ಶುದ್ಧ ತಿಳಿ ಹಸಿರು ಕೂಡಿಸಿದರೆ ಮರಿಗಳೆಲ್ಲ ಗಾಢ ಹಸಿರು/ನೀಲಿ. ಇವುಗಳಲ್ಲಿ ಡಾರ್ಕ್ ಮತ್ತು ನೀಲಿ ಎರಡೂ ಮೊವ್‌ನಿಂದ ಬಂದ ಒಂದೇ ಕ್ರೋಮೋಸೋಮ್‌ನಲ್ಲಿವೆ. ಇಂಥದ್ದನ್ನು ಆಕಾಶ ನೀಲಿಗೆ ಕೂಡಿಸಿದರೆ ಗುಣಾಕಾರ ಹೇಳುವುದು ನಾಲ್ಕು ಬಣ್ಣ, ತಲಾ 25%. ನಿಜವಾಗಿ ಬರುವುದು ಕೊಬಾಲ್ಟ್ ಸುಮಾರು 43%, ತಿಳಿ ಹಸಿರು 43%, ಗಾಢ ಹಸಿರು 7%, ಆಕಾಶ ನೀಲಿ 7%. ಇನ್ನೊಂದು ಗಾಢ ಹಸಿರು/ನೀಲಿ ಹಕ್ಕಿ ಆಲಿವ್ ಮತ್ತು ಆಕಾಶ ನೀಲಿಗೆ ಹುಟ್ಟಿದ್ದಾದರೆ ಅದರಲ್ಲಿ ಡಾರ್ಕ್ ಹಸಿರಿನ ಜೊತೆಗಿದೆ. ಅದೇ ಆಕಾಶ ನೀಲಿಗೆ ಕೂಡಿಸಿದರೆ ಲೆಕ್ಕ ತಿರುವುಮುರುವು: ಗಾಢ ಹಸಿರು 43%, ಆಕಾಶ ನೀಲಿ 43%, ಕೊಬಾಲ್ಟ್ ಬರೀ 7%. ಎರಡೂ ಹಕ್ಕಿ ಕಣ್ಣಿಗೆ ಒಂದೇ ತೆರ. ವ್ಯತ್ಯಾಸವನ್ನು ಹೇಳಬಲ್ಲದ್ದು ಅವುಗಳ ತಂದೆ-ತಾಯಿಯ ದಾಖಲೆ ಒಂದೇ.

ಲಿಂಗಕ್ಕೆ ಅಂಟಿದ ಗುಣಗಳು

ಇನೊ, ಸಿನಮನ್ (ಕಪ್ಪು ಗುರುತುಗಳು ಕಂದಾಗುವುದು), ಓಪಲೈನ್ (ಬೆನ್ನು, ರೆಕ್ಕೆಯ ಪಟ್ಟೆಗಳ ವಿನ್ಯಾಸ ಬದಲಾಗುವುದು) — ಬಡ್ಜಿಯಲ್ಲಿ ಬಹಳ ಕೇಳಿಬರುವ ಈ ಮೂರೂ ಲಿಂಗ ಕ್ರೋಮೋಸೋಮ್ ಮೇಲಿವೆ. ಇಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂಬುದರ ಮೇಲೆ ಫಲಿತಾಂಶ ಪೂರ್ತಿ ಬದಲಾಗುತ್ತದೆ.

ಮನುಷ್ಯರಲ್ಲಿ ಎರಡು ಎಕ್ಸ್ ಇದ್ದರೆ ಹೆಣ್ಣು, ಎಕ್ಸ್ ಮತ್ತು ವೈ ಇದ್ದರೆ ಗಂಡು. ಹಕ್ಕಿಗಳಲ್ಲಿ ಇದು ತಲೆಕೆಳಗು. ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಮತ್ತು ಒಂದು ಡಬ್ಲ್ಯೂ. ಇನೊ ಜೀನ್ ಇರುವುದು ಝಡ್ ಮೇಲೆ. ಡಬ್ಲ್ಯೂನಲ್ಲಿ ಅದರ ಜೊತೆಗಾರ ಪ್ರತಿ ಇಲ್ಲ. ಹಾಗಾಗಿ ಹೆಣ್ಣಿನಲ್ಲಿ ಒಂದೇ ಪ್ರತಿ, ಅದು ಏನಿದೆಯೋ ಅದೇ ಕಾಣುತ್ತದೆ. ‘ಹಸಿರು/ಇನೊ ಹೆಣ್ಣು’ ಎಂದು ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ, ಅಂಥ ಹಕ್ಕಿ ಇರುವುದೇ ಸಾಧ್ಯವಿಲ್ಲ. ಇನೊಗೆ ಸ್ಪ್ಲಿಟ್ ಆಗಬಲ್ಲದ್ದು ಗಂಡು ಮಾತ್ರ.

ನೆನಪಿಡಬೇಕಾದ ಮುಖ್ಯ ಸಂಗತಿ ಒಂದೇ: ಮಗಳ ಝಡ್ ಅಪ್ಪನಿಂದ ಬಂದದ್ದು. ಅಮ್ಮ ಮಗಳಿಗೆ ಕೊಡುವುದು ಡಬ್ಲ್ಯೂ, ಮಗನಿಗೆ ಝಡ್. ಇದನ್ನು ಹಿಡಿದುಕೊಂಡರೆ ಐದೂ ಜೋಡಿಗಳ ಲೆಕ್ಕವನ್ನು ಬಾಯಿಪಾಠ ಮಾಡದೆಯೇ ಬಿಡಿಸಬಹುದು.

ಲುಟಿನೊ ಗಂಡು, ಹಸಿರು ಹೆಣ್ಣು: ಹೆಣ್ಣು ಮರಿಗಳೆಲ್ಲ ಲುಟಿನೊ, ಗಂಡು ಮರಿಗಳೆಲ್ಲ ಹಸಿರು/ಇನೊ.

ಹಸಿರು ಗಂಡು, ಲುಟಿನೊ ಹೆಣ್ಣು: ಒಂದೂ ಲುಟಿನೊ ಇಲ್ಲ. ಹೆಣ್ಣುಗಳು ಹಸಿರು, ಇನೊ ಜೀನ್ ಅವುಗಳಲ್ಲಿ ಇಲ್ಲವೇ ಇಲ್ಲ. ಗಂಡುಗಳೆಲ್ಲ ಹಸಿರು/ಇನೊ.

ಹಸಿರು/ಇನೊ ಗಂಡು, ಹಸಿರು ಹೆಣ್ಣು: ಹೆಣ್ಣು ಮರಿಗಳಲ್ಲಿ ಅರ್ಧ ಲುಟಿನೊ, ಅಂದರೆ ಒಟ್ಟು ಮರಿಗಳಲ್ಲಿ ಕಾಲು ಭಾಗ. ಗಂಡುಗಳು ಎಲ್ಲ ಹಸಿರೇ, ಅರ್ಧ ಸ್ಪ್ಲಿಟ್, ಯಾವುವೆಂದು ಗೊತ್ತಾಗದು.

ಹಸಿರು/ಇನೊ ಗಂಡು, ಲುಟಿನೊ ಹೆಣ್ಣು: ಗಂಡಿನಲ್ಲೂ ಅರ್ಧ, ಹೆಣ್ಣಿನಲ್ಲೂ ಅರ್ಧ ಲುಟಿನೊ. ಹಸಿರಾಗಿ ಹುಟ್ಟಿದ ಗಂಡುಗಳೆಲ್ಲ ಖಚಿತ ಸ್ಪ್ಲಿಟ್.

ಲುಟಿನೊಗೆ ಲುಟಿನೊ: ಎಲ್ಲವೂ ಇನೊ.

ಮೊದಲನೆಯ ಮತ್ತು ಮೂರನೆಯ ಜೋಡಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಬಡ್ಜಿ ಮರಿಗಳ ಲಿಂಗ ತಿಳಿಯಲು ಸಾಮಾನ್ಯವಾಗಿ ತಿಂಗಳುಗಟ್ಟಲೆ ಕಾಯಬೇಕು. ಕೊಕ್ಕಿನ ಮೇಲೆ ಮೂಗಿನ ಹೊಳ್ಳೆ ಇರುವ ಜಾಗ ಗಂಡಿಗೆ ನೀಲಿ, ಹೆಣ್ಣಿಗೆ ಕಂದು ಆಗುವವರೆಗೆ. ಈ ಜೋಡಿಗಳಲ್ಲಾದರೆ ಮರಿ ಮೊಟ್ಟೆಯಿಂದ ಬಂದ ದಿನವೇ, ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣು ಕೆಂಪಗೆ ಕಂಡರೆ ಅದು ಹೆಣ್ಣು. ಸಿನಮನ್ ಮರಿಗಳ ಕಣ್ಣೂ ಮೊದಲ ಕೆಲವು ದಿನ ಕೆಂಪು ಛಾಯೆಯಲ್ಲಿರುತ್ತದೆ, ಆಮೇಲೆ ಕಪ್ಪಾಗುತ್ತದೆ. ಗಂಡಿನಲ್ಲಿ ಸಿನಮನ್ ಇರುವ ಶಂಕೆ ಇದ್ದರೆ ಗರಿ ಮೂಡುವವರೆಗೆ ಇನೊ ಎಂದು ಬರೆಯಬೇಡಿ. ದೊಡ್ಡ ಲುಟಿನೊ, ಆಲ್ಬಿನೊ ಗಂಡುಗಳಲ್ಲಿ ಆ ಮೂಗಿನ ಜಾಗ ನೀಲಿಯಾಗುವುದೇ ಇಲ್ಲ, ಗುಲಾಬಿ-ನೇರಳೆಯಾಗಿಯೇ ಉಳಿಯುತ್ತದೆ. ಅದನ್ನು ನೋಡಿ ಹೆಣ್ಣೆಂದು ಭಾವಿಸಿ ಎರಡು ಗಂಡುಗಳನ್ನು ಕೂಡಿಸಿ ಮೊಟ್ಟೆಗೆ ಕಾದು ಕೂರುವುದು ತೀರಾ ಸಾಮಾನ್ಯ.

ಒಂದು ಪೂರ್ತಿ ಲೆಕ್ಕ: ಆಲ್ಬಿನೊ ಮರಿ ಪಡೆಯುವುದು

ಕೈಯಲ್ಲಿರುವುದು ಒಂದು ಶುದ್ಧ ಲುಟಿನೊ ಗಂಡು, ಒಂದು ಆಕಾಶ ನೀಲಿ ಹೆಣ್ಣು ಎಂದುಕೊಳ್ಳಿ. ಬೇಕಾಗಿರುವುದು ಆಲ್ಬಿನೊ. ಮರಿಗೆ ಎರಡು ಷರತ್ತು: ‘ನೀ’ ಎರಡು ಪ್ರತಿ ಇರಬೇಕು, ಮತ್ತು ಅದು ಇನೊ ಆಗಿರಬೇಕು.

ಮೊದಲ ತಲೆಮಾರು. ಲುಟಿನೊ ಹಕ್ಕಿ ಹಸಿರು ಸಾಲಿನದು (ಹ-ಹ), ನೀಲಿ ಹೆಣ್ಣು ನೀ-ನೀ. ಮರಿಗಳೆಲ್ಲ ಹ-ನೀ. ಇನೊ ವಿಷಯದಲ್ಲಿ ಹೆಣ್ಣುಗಳೆಲ್ಲ ಇನೊ, ಗಂಡುಗಳೆಲ್ಲ ಸ್ಪ್ಲಿಟ್. ಎರಡನ್ನೂ ಸೇರಿಸಿ ಓದಿದರೆ ಹೆಣ್ಣು ಮರಿಗಳು ಲುಟಿನೊ/ನೀಲಿ, ಗಂಡು ಮರಿಗಳು ಹಸಿರು, ನೀಲಿಗೂ ಇನೊಗೂ ಸ್ಪ್ಲಿಟ್. ಒಂದೂ ಆಲ್ಬಿನೊ ಇಲ್ಲ. ‘ಜೋಡಿ ಸರಿಯಿಲ್ಲ’ ಎಂದು ಹಲವರು ಮರಿಗಳನ್ನು ಮಾರಿಬಿಡುವುದು ಈ ಹಂತದಲ್ಲೇ. ಬೇಕಾದ ಎರಡೂ ಜೀನ್ ಆ ಸಾಧಾರಣ ಹಸಿರು ಗಂಡು ಮರಿಯೊಳಗೆ ಕುಳಿತಿರುತ್ತವೆ.

ಎರಡನೇ ತಲೆಮಾರಿಗೆ ದಾರಿಗಳು ಹಲವು, ಫಲ ಒಂದೇ ಅಲ್ಲ.

ಲುಟಿನೊ/ನೀಲಿ ಹೆಣ್ಣನ್ನು ಬೇರೊಂದು ಆಕಾಶ ನೀಲಿ ಗಂಡಿಗೆ ಕೂಡಿಸಿದರೆ ಅರ್ಧ ಮರಿ ನೀಲಿ ಸಾಲಿನವು. ಆದರೆ ಅಪ್ಪನಲ್ಲಿ ಇನೊ ಇಲ್ಲ, ಹಾಗಾಗಿ ಹೆಣ್ಣು ಮರಿಗಳಲ್ಲಿ ಇನೊ ಇಲ್ಲ. ಗಂಡುಗಳು ಬರೀ ಸ್ಪ್ಲಿಟ್. ಆಲ್ಬಿನೊ ಸೊನ್ನೆ. ಇನೊ ಕಣ್ಣಿಗೆ ಕಾಣುವ ಹಕ್ಕಿಯನ್ನು ಆರಿಸಿಯೂ ಫಲವಿಲ್ಲ.

ಹಸಿರಾಗಿ ಕಾಣುವ ಆ ಗಂಡನ್ನು ಸಂಬಂಧವಿಲ್ಲದ ಆಕಾಶ ನೀಲಿ ಹೆಣ್ಣಿಗೆ ಕೂಡಿಸಿದರೆ ನೀಲಿ ಸಾಲು ಅರ್ಧ, ಇನೊ ಕಾಲು, ಗುಣಿಸಿದರೆ ಎಂಟರಲ್ಲಿ ಒಂದು ಆಲ್ಬಿನೊ, ಅವೆಲ್ಲ ಹೆಣ್ಣು. ಜೊತೆಗೆ ಎಂಟರಲ್ಲಿ ಒಂದು ಲುಟಿನೊ ಹೆಣ್ಣು, ಎಂಟರಲ್ಲಿ ಮೂರು ನೀಲಿ, ಮೂರು ಹಸಿರು.

ಅದೇ ಗಂಡಿಗೆ ಒಂದು ಆಲ್ಬಿನೊ ಹೆಣ್ಣು ತಂದು ಕೂಡಿಸಿದರೆ ನೀಲಿ ಅರ್ಧ, ಇನೊ ಅರ್ಧ; ನಾಲ್ಕರಲ್ಲಿ ಒಂದು ಆಲ್ಬಿನೊ, ಗಂಡೂ ಬರುತ್ತದೆ. ಒಂದು ಹಕ್ಕಿ ಕೊಳ್ಳುವ ಖರ್ಚಿನಲ್ಲಿ ಸಾಧ್ಯತೆ ಇಮ್ಮಡಿಯಾಗುತ್ತದೆ.

ಅಣ್ಣನನ್ನು ತಂಗಿಗೇ ಕೂಡಿಸಿದರೆ? ನೀಲಿ ಕಾಲು, ಇನೊ ಅರ್ಧ, ಎಂಟರಲ್ಲಿ ಒಂದು. ಲೆಕ್ಕಕ್ಕೆ ಕೂಡುತ್ತದೆ, ಮಾಡಬೇಡಿ. ಒಡಹುಟ್ಟಿದವುಗಳ ಮರಿಯಲ್ಲಿ ಯಾವುದೇ ಜೀನ್‌ನ ಎರಡೂ ಪ್ರತಿಗಳು ಒಂದೇ ಪೂರ್ವಜ ಪ್ರತಿಯಿಂದ ಬಂದಿರುವ ಸಾಧ್ಯತೆ 25%. ನೀಲಿಯನ್ನು ಹೊರಗೆ ತರುವ ಇದೇ ದಾರಿಯಲ್ಲಿ ಅಡಗಿ ಕುಳಿತ ದೋಷಗಳೂ ಹೊರಬರುತ್ತವೆ: ಮೊಟ್ಟೆಯೊಳಗೇ ಸಾಯುವ ಮರಿ, ಬಲಹೀನ ಮರಿ, ಮೊಟ್ಟೆ ಫಲಿಸದಿರುವುದು.

ಮೊದಲ ತಲೆಮಾರಿನಲ್ಲೇ ಆಲ್ಬಿನೊ ಹೆಣ್ಣು ಮರಿ ಬಂದುಬಿಟ್ಟರೆ ಗಾಬರಿ ಬೇಡ. ಕೊಂಡ ಲುಟಿನೊ ಗಂಡು ಶುದ್ಧವಲ್ಲ, ಲುಟಿನೊ/ನೀಲಿ ಎಂದರ್ಥ. ದಾಖಲೆ ತಿದ್ದಿಕೊಳ್ಳಿ. ಇನೊ ಹಕ್ಕಿಯಲ್ಲಿ ಮೆಲನಿನ್ ಇಲ್ಲದ ಕಾರಣ ಡಾರ್ಕ್ ಫ್ಯಾಕ್ಟರ್, ಬೂದು, ಓಪಲೈನ್ ಎಲ್ಲವೂ ಮುಚ್ಚಿಹೋಗಿರುತ್ತವೆ. ಲುಟಿನೊ ತಂದೆಯ ಹಸಿರು ಗಂಡು ಮರಿಗಳಲ್ಲಿ ಗಾಢ ಹಸಿರು ಕಂಡರೆ ಅದು ಎಲ್ಲಿಂದಲೋ ಬಂದದ್ದಲ್ಲ, ತಂದೆಯೊಳಗೆ ಮರೆಯಾಗಿದ್ದದ್ದು.

ಸ್ಪ್ಯಾಂಗಲ್, ಬೂದು, ಪೈಡ್

ಬೂದು ಪೂರ್ತಿ ಪ್ರಬಲ. ಬೂದು ಮರಿ ಬೇಕಿದ್ದರೆ ತಂದೆ-ತಾಯಿಯಲ್ಲಿ ಒಂದಾದರೂ ಬೂದು ಇರಲೇಬೇಕು, ಸ್ಪ್ಲಿಟ್ ಎಂಬುದಿಲ್ಲ. ರಿಸೆಸಿವ್ ಪೈಡ್ ನೀಲಿಯ ಹಾಗೆಯೇ ದುರ್ಬಲ, ಲೆಕ್ಕವೂ ಅದೇ. ಡಾಮಿನೆಂಟ್ ಪೈಡ್ ಹೆಸರೇ ಹೇಳುವಂತೆ ಪ್ರಬಲ. ಎರಡನ್ನೂ ಬರೀ ‘ಪೈಡ್’ ಎಂದು ಬರೆದುಕೊಂಡರೆ ಲೆಕ್ಕ ಕೆಡುತ್ತದೆ. ದೊಡ್ಡ ಹಕ್ಕಿಯ ಕಣ್ಣು ನೋಡಿ: ರಿಸೆಸಿವ್ ಪೈಡ್‌ನ ಕಣ್ಣು ಪೂರ್ತಿ ಕಪ್ಪು, ಬಿಳಿ ಉಂಗುರ ಇರುವುದಿಲ್ಲ, ಡಾಮಿನೆಂಟ್ ಪೈಡ್‌ಗೆ ಉಂಗುರ ಇರುತ್ತದೆ.

ಸ್ಪ್ಯಾಂಗಲ್ ಒಂದು ಪ್ರತಿ ಇದ್ದರೆ ರೆಕ್ಕೆಯ ಗುರುತುಗಳು ತಿರುವುಮುರುವಾಗಿ, ಗರಿಯ ಅಂಚಿಗೆ ತೆಳು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಎರಡು ಪ್ರತಿ ಇದ್ದರೆ ಹಕ್ಕಿ ಅಚ್ಚ ಹಳದಿ ಅಥವಾ ಅಚ್ಚ ಬಿಳಿ. ಇದನ್ನು ಲುಟಿನೊ ಎಂದು ಕೊಂಡು ತಂದು, ಹೆಣ್ಣು ಮರಿಗಳೆಲ್ಲ ಲುಟಿನೊ ಬರಲಿ ಎಂದು ಕಾಯುವವರಿಗೆ ನೂರಕ್ಕೆ ನೂರು ಸ್ಪ್ಯಾಂಗಲ್ ಮರಿಗಳೇ ಸಿಗುತ್ತವೆ. ಕೊಳ್ಳುವ ಮೊದಲು ಬೆಳಕಿನಲ್ಲಿ ಕಣ್ಣು ನೋಡಿ. ಲುಟಿನೊಗೆ ಕೆಂಪು ಕಣ್ಣು; ಎರಡು ಪ್ರತಿಯ ಸ್ಪ್ಯಾಂಗಲ್‌ಗೆ ಕಪ್ಪು ಕಣ್ಣು, ದೊಡ್ಡದಾದ ಮೇಲೆ ಬಿಳಿ ಉಂಗುರ.

ಮೈಗಾತ್ರ, ತಲೆಯ ಆಕಾರ, ಮಾತು ಕಲಿಯುವ ಚುರುಕು ಇವುಗಳಿಗೆ ಚೌಕ ಬರೆಯಲು ಹೋಗಬೇಡಿ. ಅವುಗಳ ಹಿಂದೆ ಹಲವಾರು ಜೀನ್‌ಗಳಿವೆ, ಆಹಾರ ಮತ್ತು ಆರೈಕೆಯ ಪಾಲೂ ಇದೆ. ದೊಡ್ಡ ಹಕ್ಕಿಗಳಿಗೆ ಸರಾಸರಿಯಲ್ಲಿ ದೊಡ್ಡ ಮರಿ ಎಂಬುದಕ್ಕಿಂತ ಹೆಚ್ಚು ಹೇಳಲಾಗದು.

ಪಂಜರ ಮತ್ತು ಪುಸ್ತಕ

ಹತ್ತು ಹಕ್ಕಿಗಳನ್ನು ಒಂದೇ ದೊಡ್ಡ ಪಂಜರದಲ್ಲಿ ಬಿಟ್ಟು ಗೂಡಿಗೆಂದು ಮಡಕೆ ಕಟ್ಟಿದರೆ ಮೇಲಿನ ಯಾವ ಲೆಕ್ಕವೂ ನಡೆಯದು. ಜೋಡಿ ಕಟ್ಟಿಕೊಂಡ ಹೆಣ್ಣೂ ಬೇರೆ ಗಂಡಿನ ಜೊತೆ ಕೂಡುತ್ತದೆ, ಒಂದರ ಮಡಕೆಯಲ್ಲಿ ಇನ್ನೊಂದು ಮೊಟ್ಟೆ ಇಟ್ಟು ಹೋಗುತ್ತದೆ. ಜೋಡಿಗೊಂದು ಪಂಜರ, ಪಂಜರಕ್ಕೊಂದು ಮಡಕೆ ಅಥವಾ ಪೆಟ್ಟಿಗೆ ಇರಲಿ. ಗಂಡನ್ನು ಬೇರೆ ಮಾಡಿದ ಮೇಲೂ ಹೆಣ್ಣಿನ ದೇಹದಲ್ಲಿ ವೀರ್ಯ ಹಲವು ದಿನ ಉಳಿದಿರುತ್ತದೆ. ಹಾಗಾಗಿ ಜೋಡಿ ಬದಲಿಸುವ ಮುನ್ನ ಹೆಣ್ಣನ್ನು ಕನಿಷ್ಠ ಮೂರು ವಾರ ಒಂಟಿಯಾಗಿ ಇಡಿ. ಈ ಒಂದು ಕಟ್ಟುನಿಟ್ಟನ್ನು ಬಿಟ್ಟರೆ ಮೊದಲ ಗೂಡಿನ ಮರಿಗಳ ತಂದೆ ಯಾರೆಂಬುದು ಎಂದಿಗೂ ತಿಳಿಯುವುದಿಲ್ಲ.

ಹೆಣ್ಣಿಗೆ ಒಂದು ವರ್ಷ ತುಂಬುವವರೆಗೆ ಕೂಡಿಸಬೇಡಿ. ಮೊಟ್ಟೆಗಳು ದಿನ ಬಿಟ್ಟು ದಿನ ಬರುತ್ತವೆ. ಮೃದು ಪೆನ್ಸಿಲಿನಿಂದ ಅಂಕಿ ಬರೆದು ಪುಸ್ತಕದಲ್ಲಿ ದಿನಾಂಕ ನಮೂದಿಸಿ. ಮರಿಗಳಿಗೆ ಅಂಕಿ ಇರುವ ಬಡ್ಜಿ ಅಳತೆಯ ಮುಚ್ಚಿದ ಉಂಗುರ ತೊಡಿಸಬೇಕು, ಐದರಿಂದ ಹತ್ತು ದಿನದೊಳಗೆ. ಆಮೇಲೆ ಪಾದ ಬೆಳೆದು ಉಂಗುರ ಒಳಗೆ ಹೋಗದು.

ಪುಸ್ತಕದಲ್ಲಿ ಪ್ರತಿ ಹಕ್ಕಿಗೂ ಇಷ್ಟು ಇರಲಿ: ಉಂಗುರದ ಅಂಕಿ, ಹುಟ್ಟಿದ ದಿನ, ಲಿಂಗ, ಕಾಣುವ ಬಣ್ಣ, ಖಚಿತ ಸ್ಪ್ಲಿಟ್, ಶಂಕೆಯ ಸ್ಪ್ಲಿಟ್ (ಸಾಧ್ಯತೆಯ ಸಮೇತ), ತಂದೆ ಮತ್ತು ತಾಯಿಯ ಉಂಗುರದ ಅಂಕಿ. ಸತ್ತ ಮರಿಗಳನ್ನೂ ಬಣ್ಣ ಗೊತ್ತಾದಷ್ಟು ಬರೆಯಿರಿ. ಉಳಿದವನ್ನು ಮಾತ್ರ ಎಣಿಸಿದರೆ ಅನುಪಾತ ವಾಲುತ್ತದೆ, ಒಂದು ಬಣ್ಣದ ಮರಿಗಳೇ ಹೆಚ್ಚು ಸಾಯುತ್ತಿದ್ದರೆ ಆ ಸುಳಿವೂ ತಪ್ಪಿಹೋಗುತ್ತದೆ.

ಲೆಕ್ಕಕ್ಕೆ ಹೊಂದದ ಮರಿ ಹುಟ್ಟಿದಾಗ ಈ ಕ್ರಮದಲ್ಲಿ ಹುಡುಕಿ. ಮೊದಲು ತಂದೆ ಅದೇ ಹೌದೇ: ಪಂಜರ ಒಂಟಿಯಾಗಿತ್ತೇ, ಮೂರು ವಾರದ ಅಂತರ ಇತ್ತೇ. ಆಮೇಲೆ ಬಣ್ಣ ಸರಿಯಾಗಿ ಗುರುತಿಸಿದ್ದೀರಾ: ಹಳದಿ ಹಕ್ಕಿ ಲುಟಿನೊವೋ ಸ್ಪ್ಯಾಂಗಲ್ಲೋ, ಪೈಡ್ ಯಾವ ಬಗೆಯದು, ನೀಲಿ ಹಕ್ಕಿಯ ಮುಖ ಬಿಳಿಯೋ ಹಳದಿಯೋ. ಹಳದಿ ಮುಖದ ನೀಲಿ ಹಕ್ಕಿಗಳಲ್ಲಿ ಇರುವುದು ಅದೇ ಜೀನ್‌ನ ಬೇರೊಂದು ರೂಪ. ಕೆಲವದರಲ್ಲಿ ಹಳದಿ ಮೈಗೆಲ್ಲ ಹರಡಿ ಹಸಿರಿನ ಹಾಗೆಯೇ ಕಾಣುತ್ತದೆ. ಅದೂ ಸರಿಯಿದ್ದರೆ ತಂದೆ-ತಾಯಿಯಲ್ಲಿ ಯಾವುದೋ ಒಂದು ಗೊತ್ತಿಲ್ಲದ ಸ್ಪ್ಲಿಟ್ ಇದೆ. ದುರ್ಬಲ ಗುಣವಾದರೆ ಎರಡರಲ್ಲೂ, ಲಿಂಗಕ್ಕೆ ಅಂಟಿದ ಗುಣ ಹೆಣ್ಣು ಮರಿಯಲ್ಲಿ ಕಂಡರೆ ತಂದೆಯಲ್ಲಿ ಮಾತ್ರ. ಇವು ಮೂರೂ ಮುಗಿದ ಮೇಲಷ್ಟೇ ಹೊಸ ಮ್ಯುಟೇಶನ್ ಇರಬಹುದೇ ಎಂದು ಯೋಚಿಸಿ. ಆ ಮರಿಯನ್ನು ಮಾರಬೇಡಿ, ದೊಡ್ಡದಾದ ಮೇಲೆ ಸಂಬಂಧವಿಲ್ಲದ ಶುದ್ಧ ಹಸಿರಿಗೆ ಕೂಡಿಸಿ, ಬಂದ ಮರಿಗಳಿಗೆಲ್ಲ ಉಂಗುರ ಹಾಕಿ ಇಟ್ಟುಕೊಳ್ಳಿ.